ಜೀವ ಉಳಿಸಿದರು, ಕುಪ್ಪಸ ಕತ್ತರಿಸಿದರು: ಮೈಸೂರಿನ ಒಂದು ಎಮರ್ಜೆನ್ಸಿ ವಾರ್ಡ್ ಬಗ್ಗೆ

ಈ ರಿವ್ಯೂ ಬರೆಯೋಕೆ ಕೂತು ಮೂರು ಸಲ ಎದ್ದಿದ್ದೇನೆ. ಐದರಲ್ಲಿ ಎಷ್ಟು ಸ್ಟಾರ್ ಕೊಡಬೇಕು ಅಂತ ತೀರ್ಮಾನವೇ ಆಗಲಿಲ್ಲ. ಒಂದೇ ಆಸ್ಪತ್ರೆಯ ಒಂದೇ ಎಮರ್ಜೆನ್ಸಿಗೆ ಆರು ತಿಂಗಳಲ್ಲಿ ಎರಡು ಸಲ ಹೋದೆವು. ಎರಡು ಸಲವೂ ಪೇಷಂಟ್ ನಮ್ಮ ಅವ್ವ. ಚಿಕಿತ್ಸೆಗೆ ಎರಡು ಸಲವೂ ಐದಕ್ಕೆ ಐದು. ಅವ್ವನನ್ನು ನಡೆಸಿಕೊಂಡ ರೀತಿಗೆ ಮೊದಲ ಸಲ ಒಂದು, ಎರಡನೇ ಸಲ ನಾಲ್ಕೂವರೆ. ಇದನ್ನೆಲ್ಲ ಕೂಡಿಸಿ ಭಾಗಿಸಿದರೆ ಬರೋ ನಂಬರ್ ಯಾರಿಗೂ ಉಪಯೋಗ ಇಲ್ಲ. ಅದಕ್ಕೆ ನಡೆದದ್ದನ್ನೇ ಬರೆಯುತ್ತೇನೆ.

ಮೈಸೂರಿನ ಒಂದು ಖಾಸಗಿ ಆಸ್ಪತ್ರೆ, ಅಷ್ಟು ಸಾಕು. ಹೆಸರು ಹಾಕಿದರೆ ಮಾರನೇ ದಿನ ಕೆಲಸ ಕಳೆದುಕೊಳ್ಳೋದು ಕುಪ್ಪಸ ಕತ್ತರಿಸಿದ ವಾರ್ಡ್ ಬಾಯ್. ಬೆಡ್ ಸುತ್ತ ಹಾಕಿದ ಗಿಡ್ಡ ಪರದೆಗೆ ಬಿಲ್ ಪಾಸ್ ಮಾಡಿದವರು ಆರಾಮಾಗಿಯೇ ಇರುತ್ತಾರೆ.

ನಾನು ಲೇಡೀಸ್ ಟೈಲರ್. ಕುವೆಂಪುನಗರದಲ್ಲಿ ಹದಿನೆಂಟು ವರ್ಷದಿಂದ ಅಂಗಡಿ ಇದೆ. ಬ್ಲೌಸ್, ಚೂಡಿದಾರ್, ಫಾಲ್ಸ್, ಜಿಗ್‌ಜ್ಯಾಗ್. ಎಲ್ಲಿ ಹೋದರೂ ಮೊದಲು ಕಣ್ಣು ಹೋಗೋದು ಬಟ್ಟೆ ಮೇಲೆ. ಆಸ್ಪತ್ರೆಯಲ್ಲೂ ಹಾಗೇ ಆಯಿತು. ಬೇರೆಯವರು ಮಷೀನ್ ನೋಡಿ ಬರುತ್ತಾರೆ, ನಾನು ಲಾಡಿ ನೋಡಿ ಬಂದೆ.

ಹೋದ ಶ್ರಾವಣದ ಒಂದು ಸೋಮವಾರ. ಹುಟ್ಟೂರು ಪಾಂಡವಪುರ ತಾಲ್ಲೂಕಿನ ಹಳ್ಳಿ, ಅವ್ವ ಅಪ್ಪ ತಮ್ಮನ ಜೊತೆ ಅಲ್ಲೇ ಇದ್ದರು. ಬೆಳಗ್ಗೆ ಆರೂವರೆಗೆ ಅವ್ವ ಹಾಲು ಕರೆದು ಒಳಗೆ ಇಟ್ಟಿದ್ದಾರೆ. ಆರು ಐವತ್ತಕ್ಕೆ ತಮ್ಮನ ಹೆಂಡತಿ ನೋಡಿದಾಗ ಕೊಟ್ಟಿಗೆ ಬಾಗಿಲಲ್ಲಿ ಕುಸಿದು ಕೂತಿದ್ದಾರೆ. ಬಾಯಿ ಒಂದು ಕಡೆ ಎಳೆದಿದೆ, ಬಲಗೈ ಎತ್ತೋಕೆ ಆಗುತ್ತಿಲ್ಲ, ಮಾತಿಲ್ಲ. ಅಕ್ಕಪಕ್ಕದವರು ಸೇರಿದರು. ಒಬ್ಬರು ಲಕ್ವಕ್ಕೆ ನಾಟಿ ಔಷಧಿ ಕೊಡೋರ ಹತ್ತಿರ ಕರೆದುಕೊಂಡು ಹೋಗೋಣ ಅಂದರು. ಇನ್ನೊಬ್ಬರು ಕಾಫಿ ಕುಡಿಸೋಕೆ ಲೋಟ ತಂದರು. ತಮ್ಮ ಯಾವುದಕ್ಕೂ ಬಿಡಲಿಲ್ಲ, 108ಕ್ಕೆ ಫೋನ್ ಮಾಡಿದ. ನನ್ನ ತಮ್ಮ ಹತ್ತನೇ ಕ್ಲಾಸು ಫೇಲ್. ಆದರೆ ಲಕ್ವ ಹೊಡೆದವರಿಗೆ ಬಾಯಿಗೆ ಏನೂ ಹಾಕಬಾರದು, ನುಂಗೋಕೆ ಆಗದೆ ಶ್ವಾಸಕೋಶಕ್ಕೆ ಹೋಗುತ್ತೆ ಅಂತ ಅವನಿಗೆ ಹೇಗೋ ಗೊತ್ತಿತ್ತು.

108ರಲ್ಲಿ ಬಂದ ಹುಡುಗಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಕೊನೆ ಸಲ ಸರಿಯಾಗಿ ಇದ್ದದ್ದನ್ನ ನೋಡಿದ್ದು ಎಷ್ಟು ಗಂಟೆಗೆ?" ಆರೂವರೆ ಅಂತ ಹೇಳಿದ ಕೂಡಲೇ ಪೆನ್ನಲ್ಲಿ ತನ್ನ ಕೈ ಗ್ಲೌಸ್ ಮೇಲೆ ಬರೆದುಕೊಂಡಳಂತೆ. ರಕ್ತ ಹೆಪ್ಪುಗಟ್ಟಿ ಬಂದ ಲಕ್ವ ಆದರೆ ಅದನ್ನು ಕರಗಿಸೋ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಅದನ್ನು ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು. ಆ ಗಡಿಯಾರ ಶುರುವಾಗೋದು ಬಿದ್ದದ್ದು ಗೊತ್ತಾದ ಹೊತ್ತಿಂದ ಅಲ್ಲ, ಕೊನೆಗೆ ಸರಿಯಾಗಿದ್ದ ಹೊತ್ತಿಂದ. ದಾರಿಯುದ್ದಕ್ಕೂ ಆ ಹುಡುಗಿ "ಅಜ್ಜಿ, ಶ್ರೀರಂಗಪಟ್ಟಣ ಬಂತು, ಸೇತುವೆ ದಾಟ್ತಿದ್ದೀವಿ" ಅಂತ ಹೇಳುತ್ತಾ ಬಂದಳು. 108 ಕರ್ನಾಟಕಕ್ಕೆ ಬಂದದ್ದು 2008ರಲ್ಲಿ. ಅದಕ್ಕೂ ಮುಂಚೆ ನಮ್ಮೂರಿಂದ ಪೇಷಂಟ್ ಬರುತ್ತಿದ್ದದ್ದು ಬೆಲ್ಲದ ಗಾಡಿಯಲ್ಲೋ ಟ್ರ್ಯಾಕ್ಟರ್‌ನಲ್ಲೋ.

ನಾನು ಅಂಗಡಿ ಶಟರ್ ಅರ್ಧ ಎಳೆದು ಆಟೋ ಹಿಡಿದು ಗೇಟಿಗೆ ಬರೋಹೊತ್ತಿಗೆ ಎಂಟು ಹತ್ತು. ಆಂಬುಲೆನ್ಸ್ ಅದೇ ತಾನೇ ಬಂದಿತ್ತು.

ಇಲ್ಲಿ ಒಳ್ಳೇದನ್ನು ಪೂರ್ತಿ ಹೇಳಿಬಿಡುತ್ತೇನೆ. ಬೆರಳು ಚುಚ್ಚಿ ಶುಗರ್ ನೋಡಿದ್ದು ಮೊದಲ ಎರಡು ನಿಮಿಷದಲ್ಲಿ. ಶುಗರ್ ಕಮ್ಮಿಯಾದರೂ ಲಕ್ವದ ಹಾಗೇ ಕಾಣುತ್ತದಂತೆ. ಎಂಟೂವರೆಗೆ ತಲೆ ಸ್ಕ್ಯಾನ್. ಮೆದುಳಲ್ಲಿ ರಕ್ತ ಸೋರಿದ್ದರೆ ಆ ಇಂಜೆಕ್ಷನ್ ಕೊಡೋ ಹಾಗೇ ಇಲ್ಲ, ಅದಕ್ಕೆ ಸ್ಕ್ಯಾನ್ ಬಿಟ್ಟು ಬೇರೆ ದಾರಿ ಇಲ್ಲ. ಅವ್ವನ ಬಿಪಿ 200ರ ಹತ್ತಿರ ಇತ್ತು. 185/110ಕ್ಕಿಂತ ಕೆಳಗೆ ಇಳಿಸಿಕೊಂಡೇ ಕೊಡಬೇಕು ಅಂತ ಡಾಕ್ಟರ್ ಪಕ್ಕದಲ್ಲೇ ನಿಂತು ಇಳಿಸಿದರು. ಒಂಬತ್ತು ಗಂಟೆಗೆ ಇಂಜೆಕ್ಷನ್ ಒಳಗೆ ಹೋಯಿತು. ಬಾಗಿಲಿಗೆ ಬಂದ ಐವತ್ತು ನಿಮಿಷಕ್ಕೆ. ಇವತ್ತು ಅವ್ವ ಕೋಲು ಹಿಡಿದು ನಡೆಯುತ್ತಾರೆ, ಎಡಗೈಲಿ ಮುದ್ದೆ ಮುರಿಯುತ್ತಾರೆ. ಅದು ಆ ಐವತ್ತು ನಿಮಿಷದ ಫಲ. ಆ ಡಾಕ್ಟರ್‌ಗೆ ನಾನು ಕೈ ಮುಗಿದಿದ್ದೇನೆ, ಈಗಲೂ ಮುಗಿಯುತ್ತೇನೆ.

ದುಡ್ಡಿನ ವಿಷಯ ಚಿಕ್ಕದಾಗಿ. ಕೌಂಟರ್‌ನಲ್ಲಿ "ಇಪ್ಪತ್ತು ಸಾವಿರ ಕಟ್ಟಿ, ಆಮೇಲೆ ಸ್ಕ್ಯಾನ್" ಅಂದರು. ತಮ್ಮನ ಜೇಬಲ್ಲಿ ಇದ್ದದ್ದು ಹಾಲಿನ ಡೈರಿ ದುಡ್ಡು, ಎರಡು ಸಾವಿರದ ಚಿಲ್ಲರೆ. ಅದೇ ಡಾಕ್ಟರ್ ಹೊರಗೆ ಬಂದು ಕೌಂಟರ್‌ನವರನ್ನು ಒಂದು ನೋಟ ನೋಡಿದರು, ಸ್ಕ್ಯಾನ್ ಆಯಿತು. ನನ್ನ ಕಸ್ಟಮರ್ ಒಬ್ಬರು ವಕೀಲರು. ಬ್ಲೌಸ್ ಟ್ರಯಲ್‌ಗೆ ಬಂದಾಗ ಇದನ್ನು ಹೇಳಿದೆ. ತುರ್ತು ಚಿಕಿತ್ಸೆಗೆ ಮೊದಲು ಜೀವ, ಮಿಕ್ಕ ಕಾಗದ ಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ ಅಂದರು. ಎಮರ್ಜೆನ್ಸಿಯಲ್ಲಿ ಅಡ್ವಾನ್ಸ್‌ಗೆ ಪಟ್ಟು ಹಿಡಿಯಬಾರದು ಅಂತ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಕೂಡ ಆಗಿದೆಯಂತೆ. ಕೌಂಟರ್‌ನಲ್ಲಿ ಕೂತ ಮಗುವಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಇನ್ನು ಕುಪ್ಪಸದ ಕಥೆ.

ಇಸಿಜಿ ತೆಗೆಯೋಕೆ ಎದೆ ಮೇಲೆ ತಂತಿ ಅಂಟಿಸಬೇಕು. ಅವ್ವ ಹಾಕಿದ್ದದ್ದು ಯುಗಾದಿಗೆ ನಾನೇ ಹೊಲಿದುಕೊಟ್ಟ ಕುಪ್ಪಸ. ಹಸಿರು ಕಾಟನ್, ಮುಂದೆ ನಾಲ್ಕು ಹುಕ್ಕು. ವಾರ್ಡ್ ಬಾಯ್ ಕತ್ತರಿ ತಂದ. ಕೆಳಗಿಂದ ಮೇಲಕ್ಕೆ, ನಡು ಎದೆ ಮೇಲೆ, ಹುಕ್ಕಿನ ಪಟ್ಟಿ ಪಕ್ಕದಲ್ಲೇ ಸರ್ರಂತ ಕತ್ತರಿಸಿದ. ನಾನು ಎರಡು ಹೆಜ್ಜೆ ದೂರದಲ್ಲಿ ಇದ್ದೆ. "ಹುಕ್ಕು ಇದೆಯಲ್ಲಪ್ಪಾ" ಅಂದೆ. ಕೇಳಿಸಲಿಲ್ಲವೋ ಏನೋ. ಆಮೇಲೆ ಅಂಗಡಿಯಲ್ಲಿ ಒಂದು ದಿನ ಸುಮ್ನೆ ಗೊಂಬೆಗೆ ಅಂಥದ್ದೇ ಕುಪ್ಪಸ ಹಾಕಿ, ಮೊಬೈಲಲ್ಲಿ ಟೈಮ್ ಇಟ್ಟು ಬಿಚ್ಚಿ ನೋಡಿದೆ. ನಾಲ್ಕು ಹುಕ್ಕಿಗೆ ಐದು ಸೆಕೆಂಡ್. ಕತ್ತರಿಸೋಕೂ ಅಷ್ಟೇ ಬೇಕು, ಕತ್ತರಿ ಹುಡುಕೋ ಹೊತ್ತು ಬೇರೆ. ಕತ್ತರಿಸಲೇಬೇಕಾದ ಹೊತ್ತೂ ಇರುತ್ತದೆ, ಒಪ್ಪುತ್ತೇನೆ. ಮೂಳೆ ಮುರಿದವರ ಕೈ ಎತ್ತಿ ತೋಳು ಬಿಡಿಸೋಕೆ ಆಗಲ್ಲ. ಆಗ ಪಕ್ಕದ ಹೊಲಿಗೆ ಮೇಲೆ ಕತ್ತರಿಸಿ. ನಾಳೆ ಯಾರಾದರೂ ಕೂಡಿಸಿ ಹೊಲಿಯಬಹುದು.

ನಿಜ ಹೇಳಬೇಕು ಅಂದರೆ ಕುಪ್ಪಸ ಹೋದದ್ದಕ್ಕೆ ಬೇಜಾರಿಲ್ಲ. ಕತ್ತರಿಸಿದ ಮೇಲೆ ಅದನ್ನು ಹಾಗೇ ಎರಡು ಕಡೆಗೆ ಸರಿಸಿ ಇಸಿಜಿ ತೆಗೆದರು. ತೆಗೆದು ಆದಮೇಲೆ ಮುಚ್ಚಲಿಲ್ಲ. ಮಷೀನ್ ತಳ್ಳಿಕೊಂಡು ಮುಂದಿನ ಬೆಡ್ಡಿಗೆ ಹೋದರು. ಆಗಲೇ ನಾನು ಪರದೆ ನೋಡಿದ್ದು. ಪರದೆ ನೇತುಹಾಕೋ ಮೇಲಿನ ಕಂಬಿಗೆ ನಾವು ರೈಲು ಅಂತೀವಿ, ಆ ರೈಲಿನ ಕೊನೆ ತನಕ ಬರೋದೇ ಇಲ್ಲ. ಎಳೆದರೂ ಒಂದು ಮೊಳಕ್ಕೆ ಸ್ವಲ್ಪ ಕಮ್ಮಿ ಸಂದು ಉಳಿಯುತ್ತದೆ. ಎರಡು ರಿಂಗ್ ಬೇರೆ ಕಿತ್ತುಹೋಗಿ ಬಟ್ಟೆ ಜೋತುಬಿದ್ದಿತ್ತು. ಆ ಸಂದಿನ ನೇರಕ್ಕೆ ಬಾಗಿಲು. ಅದೇ ಹೊತ್ತಿಗೆ ಬೆಂಗಳೂರು ಹೆದ್ದಾರಿಯ ಸರ್ವೀಸ್ ರಸ್ತೆಯಲ್ಲಿ ಬೈಕಿಂದ ಬಿದ್ದ ಹುಡುಗನನ್ನು ತಂದರು. ಜೊತೆಗೆ ಏಳೆಂಟು ಜನ, ಇಬ್ಬರ ಕೈಯಲ್ಲಿ ಮೊಬೈಲ್, ವಿಡಿಯೋ ಓಡುತ್ತಿದೆ. ಆ ಹುಡುಗನ ಪ್ಯಾಂಟೂ ಕತ್ತರಿಸಿ ಆಗಿತ್ತು. ಯಾರ ಮಗನೋ ಪಾಪ, "ಅಣ್ಣ, ಏನಾದ್ರೂ ಮುಚ್ಚಿ ಅಣ್ಣ" ಅಂತ ಅವನು ಕೇಳಿದ್ದು ನನಗೆ ಕೇಳಿಸಿತು. ಕಾಲು ನೋಯ್ತಿದೆ ಅಂತ ಹೇಳೋದಕ್ಕಿಂತ ಮೊದಲು ಅದನ್ನು ಕೇಳಿದ.

ನನ್ನ ಹತ್ತಿರ ಇದ್ದದ್ದು ಒಂದು ದುಪಟ್ಟಾ. ಅವ್ವನಿಗೆ ಹೊದಿಸಿದೆ. "ಅಟೆಂಡರ್ ಹೊರಗೆ ಹೋಗಿ" ಅಂತ ಕಳಿಸಿದರು.

ಇನ್ನೊಬ್ಬ ಕಸ್ಟಮರ್ ನರ್ಸಿಂಗ್ ಕಾಲೇಜಲ್ಲಿ ಪಾಠ ಮಾಡುತ್ತಾರೆ. ಅವರಿಗೆ ಈ ಕಥೆ ಹೇಳಿದಾಗ ಅವರು ಬೆರಳು ಮಡಿಸಿ ಎ, ಬಿ, ಸಿ, ಡಿ, ಇ ಅಂತ ವಿವರಿಸಿದರು. ಅಪಘಾತದವರು ಬಂದಾಗ ಎಲ್ಲ ಕಡೆ ಇದೇ ಕ್ರಮವಂತೆ. ಎ ಅಂದರೆ ಉಸಿರಿನ ದಾರಿ, ಬಿ ಉಸಿರಾಟ, ಸಿ ರಕ್ತದ ಓಡಾಟ, ಡಿ ಪ್ರಜ್ಞೆ ಮತ್ತು ನರ, ಇ ಅಂದರೆ ಬಟ್ಟೆ ತೆಗೆದು ಮೈಯೆಲ್ಲ ನೋಡೋದು. "ಆದರೆ ಇ ಗೆ ಇನ್ನೊಂದು ಅರ್ಧ ಇದೆ" ಅಂದರು. ನೋಡಿ ಆದ ಕೂಡಲೇ ಮುಚ್ಚಬೇಕು, ಬೆಚ್ಚಗಿಡಬೇಕು. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟಲ್ಲ, ಸೋರೋದು ಜಾಸ್ತಿ ಆಗುತ್ತೆ. ಗಾಯ ಆದವರಿಗೆ ಕಂಬಳಿ ಅನ್ನೋದು ಔಷಧಿ ಲೆಕ್ಕ. "ಆ ಅರ್ಧ ಪರೀಕ್ಷೆಗೆ ಓದ್ತಾರೆ, ಆಮೇಲೆ ಮರೀತಾರೆ" ಅಂದು ಅವರೇ ನಕ್ಕರು. ನಾನು ಅಲ್ಲಿವರೆಗೂ ಮುಚ್ಚೋದು ಮಾನದ ವಿಷಯ, ವಾರ್ಡಿನವರಿಗೆ ಅದಕ್ಕೆ ಟೈಮ್ ಇಲ್ಲ ಅಂದುಕೊಂಡಿದ್ದೆ. ಅದು ಅವರ ಕೆಲಸದ ಪಟ್ಟಿಯಲ್ಲೇ ಇದೆ!

ತಾಳಿ ವಿಷಯ ಇನ್ನೂ ಕಷ್ಟ. ಸ್ಕ್ಯಾನ್‌ಗೆ ಮುಂಚೆ ತಲೆ ಕುತ್ತಿಗೆ ಹತ್ತಿರದ ಲೋಹ ಎಲ್ಲ ತೆಗೀಬೇಕು. ಓಲೆ, ಮೂಗುಬೊಟ್ಟು, ಹೇರ್‌ಪಿನ್ ತೆಗೆದರು. ಆಮೇಲೆ ತಾಳಿಗೆ ಕೈ ಹಾಕಿದರು. ಅವ್ವ ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಬಲಗೈ ಬಿದ್ದುಹೋಗಿದೆ, ಮಾತಿಲ್ಲ, ಇರೋ ಒಂದು ಕೈಯಲ್ಲಿ ಬೇಡ ಅಂತ ಹೇಳುತ್ತಿದ್ದಾರೆ. "ಕೋಆಪರೇಟ್ ಮಾಡ್ತಿಲ್ಲ" ಅಂದರು. ಬೆರಳು ಒಂದೊಂದೇ ಬಿಡಿಸಿದರು. ಗಂಡ ಮೂವತ್ತು ಅಡಿ ದೂರದಲ್ಲಿ, ಬಾಗಿಲಾಚೆ, ಹೆಗಲ ಮೇಲೆ ಟವಲ್ ಹಾಕಿಕೊಂಡು ಕೂತಿದ್ದಾರೆ. ಆ ಒಡವೆ ಎಲ್ಲ ನನ್ನ ಕೈಗೆ ಬಂದದ್ದು ಒಂದು ರಬ್ಬರ್ ಗ್ಲೌಸ್ ಒಳಗೆ. ಹೆಬ್ಬೆರಳಲ್ಲಿ ಮೂಗುಬೊಟ್ಟು, ಮಿಕ್ಕಿದ್ದೆಲ್ಲ ಅಂಗೈ ಭಾಗದಲ್ಲಿ, ಮಣಿಕಟ್ಟಿನ ಹತ್ತಿರ ಗಂಟು. ಐವತ್ತೆರಡು ವರ್ಷದ ತಾಳಿ. ಅದನ್ನು ಅಪ್ಪನಿಗೆ ತೋರಿಸೋ ಧೈರ್ಯ ಬರಲಿಲ್ಲ, ಬ್ಯಾಗಲ್ಲಿ ಬಚ್ಚಿಟ್ಟುಕೊಂಡೆ.

ಅಪ್ಪನಿಗೆ ಯಾರೂ ಏನೂ ಹೇಳಲೂ ಇಲ್ಲ. ಎಂಟು ಹತ್ತಕ್ಕೆ ಕೂತವರು ಹನ್ನೊಂದೂವರೆ ತನಕ ಒಂದೇ ಕುರ್ಚಿಯಲ್ಲಿ ಕೂತಿದ್ದರು. ಬಾಗಿಲು ತೆಗೆದಾಗಲೆಲ್ಲ ಎದ್ದು ನಿಂತರು. ಎದುರಿನ ಗೋಡೆ ಮೇಲೆ ಎರಡು ಬೋರ್ಡ್. ಒಂದು ಆಳೆತ್ತರ, ಕನ್ನಡದಲ್ಲಿ, ಕೆಂಪು ಅಕ್ಷರ: ಸಿಬ್ಬಂದಿ ಮೇಲೆ ಹಲ್ಲೆ ಮಾಡಿದರೆ 2009ರ ಕಾಯ್ದೆ ಪ್ರಕಾರ ಶಿಕ್ಷೆ. ಅದು ಬೇಕು, ಖಂಡಿತ ಬೇಕು, ಡಾಕ್ಟರ್ ಕಾಲರ್ ಹಿಡಿಯೋರನ್ನು ನಾನೂ ನೋಡಿದ್ದೇನೆ. ಇನ್ನೊಂದು ರೋಗಿಗಳ ಹಕ್ಕುಗಳ ಬೋರ್ಡ್. ಎ4 ಹಾಳೆ, ಇಂಗ್ಲಿಷಿನಲ್ಲಿ, ಅಕ್ವಾಗಾರ್ಡ್ ಹಿಂದೆ. ವಕೀಲರು ಹೇಳಿದ ಪ್ರಕಾರ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಇಂಥ ಹಕ್ಕುಗಳ ಪಟ್ಟಿ ಮಾಡಿ ಕೊಟ್ಟಿದೆ. ಗಂಡಸು ಡಾಕ್ಟರ್ ಹೆಂಗಸಿನ ಮೈ ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಇರಬೇಕು ಅನ್ನೋದು ಅದರಲ್ಲಿದೆ. ಮರ್ಯಾದೆ, ಮರೆ ಎರಡೂ ಅದರಲ್ಲಿವೆ. ನಮ್ಮ ಅಪ್ಪ ಕನ್ನಡ ಪೇಪರ್ ದಿನಾ ಓದೋರು. ಆ ಬೋರ್ಡ್ ಕನ್ನಡದಲ್ಲಿ ಇದ್ದಿದ್ದರೆ ಆ ಮೂರು ಗಂಟೆಯಲ್ಲಿ ಬಾಯಿಪಾಠ ಮಾಡಿಬಿಡುತ್ತಿದ್ದರು.

ಬಟ್ಟೆ ಒದ್ದೆಯಾದದ್ದು, ಎರಡು ಗಂಟೆ ಹಾಗೇ ಬಿಟ್ಟದ್ದು, ಟ್ಯೂಬ್ ಹಾಕಿದಾಗಲೂ ಅದೇ ಪರದೆ ಅದೇ ಸಂದು, ಇದೆಲ್ಲ ವಿವರಿಸಲ್ಲ. ಅವ್ವ ಇದನ್ನು ಯಾರಿಂದಾದರೂ ಓದಿಸಿ ಕೇಳಬಹುದು. ಇಷ್ಟು ಬರೆಯೋಕೂ ಅವರನ್ನು ಕೇಳಿಯೇ ಬರೆದಿದ್ದೇನೆ.

ಒಂದು ಮಾತು ಮಾತ್ರ ಬಿಡೋಕೆ ಆಗಲ್ಲ. ಅವ್ವನ ತಲೆ ಮೇಲಿಂದ ಒಬ್ಬರು ಇನ್ನೊಬ್ಬರಿಗೆ ಹೇಳಿದರು: "ಏಳನೇ ಬೆಡ್ಡು, ರೈಟ್ ಸೈಡ್ ಹೋಗಿದೆ, ಮಾತಿಲ್ಲ. ಅಜ್ಜಿಗೆ ಏನೂ ಅರ್ಥ ಆಗಲ್ಲ ಬಿಡಿ."

ಡಿಸ್ಚಾರ್ಜ್ ಆದಮೇಲೆ ಅವ್ವನನ್ನು ನನ್ನ ಮನೆಗೆ ಕರೆದುಕೊಂಡು ಬಂದೆ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಹತ್ತಿರ ಅಂತ. ನಮ್ಮ ಮೈಸೂರಿನವರಿಗೆ ಅದು ಆಯಿಷ್. ಮಾತು ಕಲಿಸೋಕೆ ದೇಶದ ಎಲ್ಲೆಲ್ಲಿಂದಲೋ ಅಲ್ಲಿಗೆ ಬರುತ್ತಾರೆ, ನಮಗೆ ಸಿಟಿ ಬಸ್ ದೂರ. ಅಲ್ಲಿನ ಹುಡುಗಿ ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಇವರಿಗೆ ಆಡೋಕೆ ಆಗ್ತಿಲ್ಲ, ಅಷ್ಟೇ. ನೀವು ಹೇಳಿದ್ದು ಬಹಳಷ್ಟು ಅರ್ಥ ಆಗ್ತಿದೆ. ಹೌದು ಅಲ್ಲ ಅಂತ ಉತ್ತರ ಬರೋ ಥರ ಕೇಳಿ, ಟೈಮ್ ಕೊಡಿ." ಮಾತು ಹೋಗಿ ಅರ್ಥ ಉಳಿಯೋದು ಲಕ್ವದಲ್ಲಿ ಅಪರೂಪ ಏನಲ್ಲವಂತೆ. ಮೂರನೇ ವಾರ ಹಸುವಿನ ಚಿತ್ರ ತೋರಿಸಿದಾಗ ಅವ್ವ "ಹಸು" ಅನ್ನಲಿಲ್ಲ, "ಗೌರಿ" ಅಂದರು. ನಮ್ಮ ಮನೆ ಹಸು. ಆಮೇಲೆ ಮಾತು ಒಂದೊಂದೇ ಬಂತು. ಎಲ್ಲ ಸರಿಯಾಗಿಲ್ಲ, ಆದರೆ ಬೈಯೋಕೆ ಧಾರಾಳ ಸಾಕು.

ಒಂದು ಸಂಜೆ ಬಟನ್ ಹೋಲ್ ಹಾಕುತ್ತಾ ಕೂತಿದ್ದೆ. ಅವ್ವ ಇದ್ದಕ್ಕಿದ್ದಂತೆ ಶುರು ಮಾಡಿದರು. "ಆ ಹುಡ್ಗ... ಏಳ್ನೇ ಬೆಡ್ಡು, ಏಳ್ನೇ ಬೆಡ್ಡು ಅಂದ. ನಮ್ ದನಕ್ಕೂ ಹೆಸ್ರಿಟ್ಟಿವ್ನಿ ಕಣವ್ವ. ಕಿವಿ ಏನ್ ಹೋಗಿತ್ತಾ ನಂಗೆ?" ಅರ್ಧ ಗಂಟೆ ಹಿಡಿಯಿತು ಇಷ್ಟು ಹೇಳೋಕೆ. ಕತ್ತರಿ, ತಾಳಿ, ಮೊಬೈಲ್ ಹಿಡಿದವರು, ಎಲ್ಲ ನೆನಪಿತ್ತು. ಡಾಕ್ಟರ್ ಇಂಜೆಕ್ಷನ್ ಬಗ್ಗೆ ನನಗೆ ಹೇಳಿದ್ದೂ ನೆನಪಿತ್ತು. "ಒಳ್ಳೇ ಹುಡ್ಗ ಅವ್ನು" ಅಂದರು.

ನಮ್ಮ ಸಂಬಂಧಿಕರಲ್ಲಿ ಇದನ್ನು ಎತ್ತಿದರೆ ಒಂದೇ ಉತ್ತರ: "ಜೀವ ಉಳಿದಿದೆ, ಕುಪ್ಪಸಕ್ಕೆ ಅಳ್ತೀಯಾ?" ದೊಡ್ಡಪ್ಪನ ಮಗ ಅಂತೂ "ಎಮರ್ಜೆನ್ಸಿ ಅಂದ್ರೆ ಹಂಗೇ, ನಾಚ್ಕೆ ಪಾಚ್ಕೆ ನೋಡ್ತಾ ಕೂರಕಾಗಲ್ಲ" ಅಂದ. ನಾನೂ ಸ್ವಲ್ಪ ದಿನ ಹಾಗೇ ನಂಬಿದ್ದೆ. ಎರಡನೇ ಸಲ ಹೋಗಿರದಿದ್ದರೆ ಈಗಲೂ ನಂಬಿರುತ್ತಿದ್ದೆ.

ಸಂಕ್ರಾಂತಿ ಆದ ವಾರ. ರಾತ್ರಿ ಒಂದೂವರೆ. ಅವ್ವನಿಗೆ ಫಿಟ್ಸ್ ಬಂತು. ಲಕ್ವ ಆದವರಲ್ಲಿ ಕೆಲವರಿಗೆ ತಿಂಗಳುಗಳ ಮೇಲೆ ಹೀಗೆ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಪಕ್ಕದ ಮನೆ ಆಂಟಿ ಬೀಗದ ಕೈ ಗೊಂಚಲು ಹಿಡಿದು ಓಡಿ ಬಂದರು. ಪ್ರೀತಿಯಿಂದಲೇ ತಂದರು, ಬೇಡ ಅಂತ ಹೇಳಿ ಅವ್ವನನ್ನು ಪಕ್ಕಕ್ಕೆ ಹೊರಳಿಸಿ ತಲೆ ಕೆಳಗೆ ದಿಂಬಿಟ್ಟೆ. ಅಪ್ಪ ಹಬ್ಬಕ್ಕೆ ಬಂದವರು ಇನ್ನೂ ನಮ್ಮ ಮನೆಯಲ್ಲೇ ಇದ್ದರು. ಮತ್ತೆ 108, ಮತ್ತೆ ಅದೇ ಗೇಟು, ಮತ್ತೆ ಅದೇ ಏಳನೇ ಬೆಡ್ಡು. ಹಣೆಬರಹ ನೋಡಿ.

ಪರದೆ ಹಾಗೇ ಇತ್ತು. ಈ ಸಲ ಮೂರು ರಿಂಗ್ ಇಲ್ಲ.

ಒಂಬತ್ತು ಬೆಡ್ಡಿಗೆ ಆ ರಾತ್ರಿ ಇದ್ದದ್ದು ಇಬ್ಬರು ಸಿಸ್ಟರ್. ಅದರಲ್ಲಿ ಒಬ್ಬರು ನಲವತ್ತು ದಾಟಿದವರು, ಎಚ್.ಡಿ.ಕೋಟೆ ಕಡೆಯವರು ಅಂತ ಮಾತಲ್ಲೇ ಗೊತ್ತಾಗುತ್ತಿತ್ತು. ಅವರು ಮಾಡಿದ ಮೊದಲ ಕೆಲಸ ಒಂದು ಗ್ಲೂಕೋಸ್ ಸ್ಟ್ಯಾಂಡ್ ತಳ್ಳಿಕೊಂಡು ಬಂದು ಆ ಸಂದಿಗೆ ನಿಲ್ಲಿಸಿದ್ದು. ಅದರ ಎರಡು ಕೊಕ್ಕೆಗೆ ಒಂದು ಬೆಡ್‌ಶೀಟ್ ಸಿಕ್ಕಿಸಿದರು. ಸಂದು ಮುಚ್ಚಿಹೋಯಿತು. ಹತ್ತು ಸೆಕೆಂಡ್ ಆಗಿರಬಹುದು. ನಾನು ಹದಿನೆಂಟು ವರ್ಷ ಬಟ್ಟೆ ಕೆಲಸ ಮಾಡಿದವಳು, ಆರು ತಿಂಗಳು ಆ ಪರದೆಯನ್ನು ಬೈದುಕೊಂಡವಳು, ನನಗೆ ಇದು ಹೊಳೆದಿರಲಿಲ್ಲ.

ಆಮೇಲೆ ಬಗ್ಗಿ ಅವ್ವನ ಮುಖದ ಹತ್ತಿರ ಬಂದರು. ಅವ್ವನಿಗೆ ಇನ್ನೂ ಪೂರ್ತಿ ಎಚ್ಚರ ಇರಲಿಲ್ಲ. "ಅವ್ವ, ಆಸ್ಪತ್ರೇಲಿದೀರ. ನಾನು ನಿಮ್ ಸಿಸ್ಟರ್. ನಿಮ್ ಮಗಳು ಇಲ್ಲೇ ಅವ್ರೆ." ನನ್ನ ಕಡೆ ತಿರುಗಿ ಹೆಸರು ಕೇಳಿದರು, ಮನೆಯಲ್ಲಿ ಏನಂತ ಕರೆಯುತ್ತಾರೆ ಅಂತಲೂ ಕೇಳಿದರು. ಬಿಳಿ ಪ್ಲಾಸ್ಟರ್ ಒಂದು ತುಂಡು ಹರಿದು ಅವ್ವನ ಹೆಸರು ಬರೆದು, ಗೋಡೆ ಮೇಲಿನ 7ರ ಕೆಳಗೆ ಅಂಟಿಸಿದರು. ಅಲ್ಲಿಂದ ಮುಂದೆ ಡಾಕ್ಟರೂ ಹೆಸರಲ್ಲೇ ಕರೆದರು. ಕಣ್ಣಿಗೆ ಬಿದ್ದದ್ದನ್ನೇ ಓದೋದು ಅಲ್ವಾ ಮನುಷ್ಯ.

ಮುಟ್ಟೋಕೆ ಮುಂಚೆ ಹೇಳೋರು. "ಈಗ ಹುಕ್ಕು ಬಿಚ್ತೀನಿ." "ಈಗ ಸೂಜಿ, ಸುರ್ ಅನ್ನುತ್ತೆ." ಬಿಚ್ಚಿದ ಕಡೆ ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚಿರುತ್ತಿತ್ತು. ಇಸಿಜಿ ತಂತಿ ಹೊದಿಕೆ ಕೆಳಗಿಂದಲೇ ಹೋಯಿತು. ಒದ್ದೆ ಸೀರೆ ತೆಗೆಯುವಾಗ ಒಣಗಿದ ಶೀಟಿನ ಅರ್ಧ ಸುರುಳಿ ಸುತ್ತಿ ಬೆನ್ನ ಹಿಂದೆ ಇಟ್ಟು, ಅವ್ವನನ್ನು ಆ ಕಡೆ ಹೊರಳಿಸಿ, ಈ ಕಡೆಯಿಂದ ಎಳೆದರು. ಒಂದು ಕ್ಷಣವೂ ಮೈ ಬರಿದಾಗಲಿಲ್ಲ. ನಾನು ಗೊಂಬೆಗೆ ಸೀರೆ ಉಡಿಸೋವಾಗಲೂ ಇಷ್ಟು ನಾಜೂಕಿಲ್ಲ.

ಮತ್ತೆ ಸ್ಕ್ಯಾನ್, ಮತ್ತೆ ತಾಳಿ. ನನ್ನ ಎದೆ ಡವಡವ ಅಂತಿತ್ತು. ಸಿಸ್ಟರ್ ನೇರವಾಗಿ ತೆಗೆಯಲಿಲ್ಲ. "ಯಜಮಾನ್ರು ಬಂದವ್ರಾ?" ಅಂತ ಕೇಳಿ ಅಪ್ಪನನ್ನು ಒಳಗೆ ಕರೆದರು. ಅಪ್ಪ ಬಂದವರು ಏನೂ ಮಾತಾಡದೆ ಒಳಜೇಬಿಗೆ ಕೈ ಹಾಕಿದರು. ಅರಿಶಿನದ ಕೊಂಬು, ಹಳದಿ ದಾರಕ್ಕೆ ಕಟ್ಟಿದ್ದು. ಹೋದ ಸಲದ ಗ್ಲೌಸ್ ಅವರು ನೋಡೇ ನೋಡಿದ್ದರು! ನಾನೇ ಬಚ್ಚಿಟ್ಟೆ ಅಂದುಕೊಂಡಿದ್ದೆ. ಆರು ತಿಂಗಳಿಂದ ಆ ಕೊಂಬನ್ನು ಜೇಬಲ್ಲಿ ಇಟ್ಟುಕೊಂಡೇ ಓಡಾಡಿದ್ದಾರೆ ಮನುಷ್ಯ. ಮೊದಲು ಅದನ್ನು ಕಟ್ಟಿದರು, ಆಮೇಲೆ ತಾಳಿ ಬಿಚ್ಚಿದರು. ಅವ್ವ ಕೈ ಅಡ್ಡ ತರಲಿಲ್ಲ. ಎಷ್ಟು ಹೊತ್ತಾಯಿತು ಅಂತ ಕೇಳಿದರೆ, ಸ್ಕ್ಯಾನ್ ರೂಮಿಂದ "ಕಳಿಸಿ" ಅಂತ ಫೋನ್ ಬರೋಕೆ ಮುಂಚೆ ಮುಗಿದಿತ್ತು.

ಅರ್ಧ ಸ್ಟಾರ್ ಯಾಕೆ ಕಮ್ಮಿ ಅಂದರೆ ಆ ಸಿಸ್ಟರ್ ತಪ್ಪಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಬಿಲ್ಲಿಂಗ್‌ನವರು ಅಪ್ಪನನ್ನು ಎಬ್ಬಿಸಿ ಐದು ಪುಟದ ಇಂಗ್ಲಿಷ್ ಫಾರಂಗೆ ಸಹಿ ಹಾಕಿಸಿದರು. "ಏನಿದೆ ಇದ್ರಲ್ಲಿ?" ಅಂದರೆ "ರೂಟೀನು" ಅಂದರು. ಫಾರಂ ಕನ್ನಡದಲ್ಲಿ ಅಚ್ಚು ಹಾಕಿಸೋಕೆ ಏನು ಕಷ್ಟ? ಮೈಸೂರಿನಲ್ಲಿ ಪ್ರಿಂಟಿಂಗ್ ಪ್ರೆಸ್‌ಗೆ ಬರವಾ?

ಆ ಸಿಸ್ಟರ್ ರಾತ್ರಿಯಿಡೀ ಕೂತದ್ದು ನಾನು ನೋಡಲಿಲ್ಲ. ಬೆಳಗ್ಗೆ ಆರಕ್ಕೆ ಫ್ಲಾಸ್ಕಲ್ಲಿ ಟೀ ತಂದುಕೊಟ್ಟೆ, ನಿಂತೇ ಕುಡಿದರು. ಗೇಟ್ ಎದುರು ಗಾಡಿಯಲ್ಲಿ ಟೀ ಚೆನ್ನಾಗಿರುತ್ತದೆ, ಕ್ಯಾಂಟೀನ್ ಕಾಫಿ ದಯವಿಟ್ಟು ಬೇಡ. ಪರದೆ ಬಗ್ಗೆ ಕೇಳಿದೆ. "ಮೂರು ಸಲ ಬರ್ದು ಕೊಟ್ಟಿದೀನಿ ಅಕ್ಕ. ಮಷೀನ್ ಕೇಳಿದ್ರೆ ಬರುತ್ತೆ, ಬಟ್ಟೆ ಕೇಳಿದ್ರೆ ಬರಲ್ಲ" ಅಂದರು. ಹಾಗಂತ ದಿನಾ ರಾತ್ರಿ ಸ್ಟ್ಯಾಂಡು ಬೆಡ್‌ಶೀಟು ಸಿಕ್ಕಿಸುತ್ತಿದ್ದಾರೆ. ಅವರ ಡ್ಯೂಟಿ ಇಲ್ಲದ ದಿನ ಸಂದು ಹಾಗೇ. ನಮ್ಮ ಮೊದಲ ಸಲದ ಸೋಮವಾರ ಅವರಿಗೆ ರಜೆ ಇತ್ತೋ ಏನೋ.

ಈ ಆಸ್ಪತ್ರೆಗೆ ಹೋಗಬಹುದಾ ಅಂತ ಕೇಳಿದರೆ, ಹೋಗಿ. ಲಕ್ವ ಅನ್ನಿಸಿದರೆ ಎಲ್ಲಿ ಸ್ಕ್ಯಾನ್ ಇದೆಯೋ ಅಲ್ಲಿಗೆ ಓಡಿ, ಈ ರಿವ್ಯೂ ಆಮೇಲೆ ಓದಿ. ಆದರೆ ಮನೆಯಲ್ಲಿ ವಯಸ್ಸಾದವರಿದ್ದರೆ ಒಂದು ಬ್ಯಾಗ್ ಬಾಗಿಲ ಹಿಂದೆ ನೇತುಹಾಕಿರಿ. ನಮ್ಮದರಲ್ಲಿ ಒಂದು ತೆಳು ಕಂಬಳಿ, ಔಷಧಿ ಚೀಟಿ, ಎರಡು ಒಣ ಲಂಗ, ಒಡವೆ ಹಾಕೋಕೆ ಜಿಪ್ ಇರೋ ಚಿಕ್ಕ ಪರ್ಸ್, ಅರಿಶಿನದ ಕೊಂಬು ಇದೆ. ಜೊತೆಗೆ ನಾನೇ ಹೊಲಿದ ಒಂದು ಅಂಗಿ. ಆಸ್ಪತ್ರೆ ಗೌನಿಗೆ ಹಿಂದೆ ಲಾಡಿ, ಮೂರರಲ್ಲಿ ಎರಡು ಕಿತ್ತಿರುತ್ತವೆ. ಇದಕ್ಕೆ ಎರಡು ಹೆಗಲ ಮೇಲೂ ಬಟನ್, ಎರಡು ಪಕ್ಕದಲ್ಲೂ ಬಟನ್. ಒಂದು ಕಡೆ ಮಾತ್ರ ಬಿಚ್ಚಬಹುದು. ಕೈಗೆ ಡ್ರಿಪ್ ಇದ್ದರೂ ಹಾಕಿ ತೆಗೆಯಬಹುದು. ಬಟನ್ ಪ್ಲಾಸ್ಟಿಕ್‌ದು, ಲೋಹದ ಟಿಚ್ ಬಟನ್ ಹಾಕಿಲ್ಲ. ಅವ್ವ ಹಾಕಿ ನೋಡಿ "ಮಾರಮ್ಮನ ಹಬ್ಬದ ಸೋಮನ ಕುಣಿತದವ್ರ ಥರ ಅದೆ" ಅಂದರು. ಬಣ್ಣ ನಾನು ಆರಿಸಿದ್ದು ಸ್ವಲ್ಪ ಜಾಸ್ತಿ ಆಯಿತು, ನಿಜ.

ಇನ್ನು ಆಸ್ಪತ್ರೆಯವರು ಇದನ್ನು ಓದಿದರೆ. ಡಿಸ್ಚಾರ್ಜ್ ದಿನ ನಿಮ್ಮ ಅಭಿಪ್ರಾಯ ತಿಳಿಸಿ ಅಂತ ಮೆಸೇಜ್ ಬಂತು. ಪರದೆ ವಿಷಯ ಉದ್ದಕ್ಕೆ ಬರೆದೆ. ಎರಡು ನಿಮಿಷಕ್ಕೆ ಧನ್ಯವಾದ ಅಂತ ಇ-ಮೇಲ್ ಬಂತು, ಅಷ್ಟೇ. ನಿಮ್ಮ ಪರದೆಯ ತೊಂದರೆ ಏನು ಅಂತ ಇಲ್ಲೇ ಹೇಳುತ್ತೇನೆ. ರೈಲು ಎಷ್ಟು ಉದ್ದ ಇದೆಯೋ ಅಷ್ಟೇ ಬಟ್ಟೆ ತಂದಿದ್ದೀರಿ. ಪರದೆಗೆ ನೆರಿಗೆ ಬೀಳಬೇಕು ಅಂದರೆ ಕಮ್ಮಿ ಅಂದರೂ ರೈಲಿನ ಒಂದೂವರೆ ಪಟ್ಟು ಬೇಕು. ಅದಲ್ಲದೆ ಒಗೆದಾಗ ಬಟ್ಟೆ ಕುಗ್ಗಿದೆ. ಸಂದು ಹದಿನಾಲ್ಕು ಇಂಚು, ಆ ರಾತ್ರಿಯೇ ಟೇಪ್ ಹಿಡಿದು ನೋಡಿದ್ದೇನೆ, ಟೇಪ್ ಯಾವಾಗಲೂ ನನ್ನ ಬ್ಯಾಗಲ್ಲಿ ಇರುತ್ತದೆ. ಎಲ್ಲ ಬಿಚ್ಚಿ ಹೊಸದು ಹಾಕಿಸೋದು ಬೇಡ. ಪ್ರತಿ ಬೆಡ್ಡಿಗೆ ಐವತ್ನಾಲ್ಕು ಇಂಚು ಪನ್ನದ, ಅಂದರೆ ಅಗಲದ, ಒಂದು ಪಟ್ಟಿ ಸೇರಿಸಿದರೆ ಸಾಕು, ಎರಡೂವರೆ ಮೀಟರ್. ಒಂಬತ್ತು ಬೆಡ್ಡಿಗೆ ಇಪ್ಪತ್ತೆರಡೂವರೆ ಮೀಟರ್. ಬಟ್ಟೆ ಮೊದಲೇ ನೆನೆಸಿ ಒಣಗಿಸಿ ಹೊಲಿಯಬೇಕು. ಹೊಲಿಗೆ ಕೂಲಿ ನನಗೆ ಬೇಡ, ಬಟ್ಟೆ ಮತ್ತು ರಿಂಗ್ ತಂದುಕೊಡಿ. ಎರಡು ದಿನದ ಕೆಲಸ. ದಸರಾ ಸೀಸನ್ ಶುರುವಾಗೋಕೆ ಮುಂಚೆ ಹೇಳಿದರೆ ಒಳ್ಳೇದು, ಆಮೇಲೆ ನನಗೆ ಪುರುಸೊತ್ತು ಇರಲ್ಲ.